ತೊಳೆಯದ ಕೈ

ಕೇಶವಯ್ಯನವರ ಆಶ್ರಮ ಅಂದರೆ ನದಿಯ ದಡದಲ್ಲಿ ಎರಡು ಕೋಣೆ, ಒಂದು ಜಗಲಿ, ಒಂದು ಹೊಂಗೆ ಮರ. ಮರದ ಕೆಳಗೆ ಕಲ್ಲಿನ ಬಾನಿ. ಅದರಲ್ಲಿ ಯಾವಾಗಲೂ ನದಿಯ ನೀರು ತುಂಬಿರುತ್ತಿತ್ತು.

ನೋವಿದ್ದವರು ಬರುತ್ತಿದ್ದರು. ಗುರುಗಳು ಅವರನ್ನು ಚಾಪೆಯ ಮೇಲೆ ಮಲಗಿಸಿ, ನೋವಿದ್ದ ಕಡೆ ಅಂಗೈ ಇಟ್ಟು ಸುಮ್ಮನೆ ಕೂರುತ್ತಿದ್ದರು. ಮಂತ್ರವಿಲ್ಲ, ಮದ್ದಿಲ್ಲ. ಇದಕ್ಕೆ ರೇಖಿ ಅನ್ನುತ್ತಾರೆ, ಜಪಾನಿನಿಂದ ಬಂದದ್ದು ಎಂದು ಕೇಳಿದವರಿಗೆ ಹೇಳುತ್ತಿದ್ದರು. ಡಾಕ್ಟರ ಹತ್ತಿರ ಹೋಗುವುದನ್ನು ಬಿಡಬೇಡಿ ಎಂದೂ ಹೇಳುತ್ತಿದ್ದರು.

ಅಲ್ಲಿ ಎರಡು ಕಟ್ಟಳೆಗಳಿದ್ದವು.

ಕೈ ಇಡುವ ಮೊದಲು “ಇಡಲೇ?” ಎಂದು ಕೇಳಬೇಕು. ಕೂಸಾದರೂ ಸರಿ, ದನವಾದರೂ ಸರಿ. ಹೊಂಗೆ ಮರಕ್ಕೆ ಒರಗುವ ಮುಂಚೆಯೂ ಗುರುಗಳು ಕೇಳುವುದನ್ನು ಕಂಡು ಜನ ನಕ್ಕಿದ್ದುಂಟು.

ಕೈ ತೆಗೆದ ಮೇಲೆ ತೊಳೆಯಬೇಕು. ಎರಡೂ ಕೈಗಳನ್ನು ಬಾನಿಯಲ್ಲಿ ಮುಳುಗಿಸಿ, “ಮುಗಿಯಿತು” ಎಂದು ಹೇಳಿ, ಒರೆಸಿಕೊಳ್ಳದೆ ಗಾಳಿಗೆ ಆರಿಸಿಕೊಂಡು ಒಳಗೆ ಬರಬೇಕು.

ಶಿಷ್ಯ ಮುಕುಂದ ಬಂದ ಹೊಸತರಲ್ಲಿ ಕೇಳಿದ್ದ. “ಕೈಗೆ ಕೊಳೆಯೇ ಆಗಿರೋದಿಲ್ಲವಲ್ಲ ಗುರುಗಳೇ, ಯಾಕೆ ತೊಳೀಬೇಕು?”

“ಕೊಳೆ ತೊಳೀತಿದೀನಿ ಅಂದ್ಕೊಂಡಿದ್ದೀಯಾ?” ಎಂದಿದ್ದರು ಗುರುಗಳು. ಅಷ್ಟೇ ಹೇಳಿದ್ದರು.

ಮುಕುಂದ ಪೇಟೆಯ ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸ ಬಿಟ್ಟು ಬಂದವನು. ಅವನ ಕೈ ಒಳ್ಳೆಯದಿತ್ತು. ಅವನು ಕೈ ಇಟ್ಟರೆ ಅಳುವ ಮಕ್ಕಳು ಸುಮ್ಮನಾಗುತ್ತಿದ್ದವು.

ಫೋನು ಸಿಗುತ್ತಿದ್ದದ್ದು ನದಿಯ ದೊಡ್ಡ ಬಂಡೆಯ ಮೇಲೆ ಮಾತ್ರ. ಒಂದು ದಿನ ಅವನು ಅಲ್ಲಿಂದ ಇಳಿದು ಬಂದಾಗ ಮುಖ ಬಿಳಿಚಿಕೊಂಡಿತ್ತು.

“ಅಕ್ಕನಿಗೆ ಹುಷಾರಿಲ್ಲ” ಎಂದ. “ಎಡ ಪಕ್ಕೆಯಲ್ಲಿ ಗಡ್ಡೆ. ಇನ್ನೇನೂ ಮಾಡೋ ಹಾಗಿಲ್ಲ ಅಂತ ಆಸ್ಪತ್ರೆಯವರು ಮನೆಗೆ ಕಳಿಸಿದಾರೆ.”

ಅಕ್ಕ ವನಮಾಲಾ ಅವನನ್ನು ಸಾಕಿದವಳು. ತಾಯಿ ಹೋದಾಗ ಅವನಿನ್ನೂ ಮಡಿಲ ಕೂಸು. ಮೊಸರಿನ ಕೆನೆ ಕದ್ದು ತಿನ್ನುತ್ತಿದ್ದವನಿಗೆ ಅವಳು ಬೆಕ್ಕಪ್ಪ ಎಂದು ಹೆಸರಿಟ್ಟಿದ್ದಳು. ಆ ಹೆಸರು ಆ ಮನೆಯ ಹೊಸಿಲು ದಾಟಿರಲಿಲ್ಲ.

“ಯಾವಾಗ ಹೊರಡ್ತೀಯಾ?” ಎಂದರು ಗುರುಗಳು.

ಮುಕುಂದ ಹೆಬ್ಬೆರಳಿನಿಂದ ನೆಲ ಕೆರೆದ. “ಇಲ್ಲಿಂದಲೇ ರೇಖಿ ಕಳಿಸೋಣ ಅಂತ. ದೂರದಿಂದ ಕೊಡೋದನ್ನ ಕಲಿಸಿದ್ದೀರಲ್ಲ.”

“ಅವಳ ಒಪ್ಪಿಗೆ ತಗೊಂಡೆಯಾ?”

“ತಗೊಂಡೆ.”

“ಏನಂದಳು?”

“ಹೂಂ ಅಂದಳು.”

ಅವನು ಅಕ್ಕನ ಜೊತೆ ಮಾತೇ ಆಡಿರಲಿಲ್ಲ. ಮಾತಾಡಿದ್ದು ಅಕ್ಕನ ಮಗಳು ಪೂರ್ಣಿಮಾ ಜೊತೆ.

ಗುರುಗಳು ಅವನ ಮುಖವನ್ನೇ ನೋಡಿದರು. ಒಳಗೆ ಹೋಗಿ ಒಂದು ಸಣ್ಣ ದಿಂಬು ತಂದುಕೊಟ್ಟರು. ಬಿಳಿ ಗವಸು, ಒಳಗೆ ಬೂರುಗದ ಹತ್ತಿ. ದೂರದಲ್ಲಿರುವವರ ಬದಲಿಗೆ ಮುಂದಿಟ್ಟುಕೊಳ್ಳುವ ದಿಂಬು ಅದು.

“ಮುಗಿದ ಮೇಲೆ ಕೈ ತೊಳಿ.”

“ಗೊತ್ತು ಗುರುಗಳೇ.”

“ಗೊತ್ತಿರೋದು ನನಗೂ ಗೊತ್ತು. ತೊಳಿ ಅಂದೆ.”

ಮುಕುಂದ ಹಿಂದಿನ ಕೋಣೆಯಲ್ಲಿ ಕೂತ. ದಿಂಬನ್ನು ಮುಂದಿಟ್ಟುಕೊಂಡು, ಅದು ಅಕ್ಕ ಎಂದುಕೊಂಡು, ಎಡ ಪಕ್ಕೆ ಇರಬೇಕಾದ ಕಡೆ ಕೈ ಇಟ್ಟ. ಬಿಸಿಲು ಕಿಟಕಿಯಿಂದ ಗೋಡೆಗೆ ಸರಿಯುವವರೆಗೂ ಕೂತಿದ್ದ.

ಸಂಜೆ ಅವನು ಬಂಡೆಯ ಮೇಲಿದ್ದಾಗ ಪೂರ್ಣಿಮಾ ಫೋನು ಮಾಡಿದಳು. “ಮಾವ, ಅಮ್ಮ ಇವತ್ತು ನರಳಲೇ ಇಲ್ಲ.”

ಅವನು ಬಂಡೆ ಇಳಿದು ಓಡಿಬಂದ. ಅವನಿನ್ನೂ ಕೈ ತೊಳೆದಿರಲಿಲ್ಲ. ಬಾನಿಯ ಹತ್ತಿರ ನಿಂತ. ನೀರು ನಿಶ್ಚಲವಾಗಿತ್ತು.

ಅಕ್ಕನ ಉಸಿರು ಈಗ ತನ್ನ ಕೈಯಲ್ಲಿದೆ ಅನ್ನಿಸಿತು ಅವನಿಗೆ. ತೊಳೆದರೆ ಎಲ್ಲಿ ಹೋಗುತ್ತದೆ ಅದು?

ಜಗಲಿಯ ಮೇಲೆ ಗುರುಗಳು ಕೂತಿದ್ದರು. ಮುಕುಂದ ಬಗ್ಗಿ, ನೀರಿನ ಮೇಲೆ, ನೀರಿಗೆ ತಾಗದಂತೆ ಕೈಯಾಡಿಸಿದ. “ಮುಗಿಯಿತು” ಎಂದ. ಕೈಯನ್ನು ಗಾಳಿಗೆ ಹಿಡಿದುಕೊಂಡು ಒಳಗೆ ಬಂದ.

ಮರುದಿನವೂ ಹಾಗೇ ಮಾಡಿದ. ಅದರ ಮರುದಿನವೂ.

ಬೆಳಗಿನ ಹೊತ್ತು ಇಬ್ಬರೂ ನದಿಗೆ ಮುಖ ಮಾಡಿ ಕೂತು ಆ ದಿನದ ಮಾತುಗಳನ್ನು ಹೇಳಿಕೊಳ್ಳುವುದು ವಾಡಿಕೆ. ಇವತ್ತೊಂದು ದಿನ ಸಿಟ್ಟಾಗುವುದಿಲ್ಲ. ಇವತ್ತೊಂದು ದಿನ ಚಿಂತೆ ಮಾಡುವುದಿಲ್ಲ. ಉಪಕಾರ ಮರೆಯುವುದಿಲ್ಲ. ಕೆಲಸ ಪ್ರಾಮಾಣಿಕವಾಗಿ ಮಾಡುತ್ತೇನೆ. ಜೀವವಿರುವುದಕ್ಕೆಲ್ಲ ದಯೆಯಿಂದ ಇರುತ್ತೇನೆ.

“ಒಂದನ್ನ ನೀನು ನುಂಗಿಬಿಟ್ಟೆ” ಎಂದರು ಗುರುಗಳು.

“ಯಾವುದು?”

“ನಿನ್ನ ಹೊಟ್ಟೆಯಲ್ಲಿದೆ. ನನ್ನನ್ನ ಕೇಳ್ತೀಯಲ್ಲ.”

ಮುಕುಂದನ ಕೈಗಳು ಬಿಸಿಯಾಗಿದ್ದವು. ಮೊದಲೂ ಬಿಸಿಯಾಗುತ್ತಿದ್ದವು, ತೊಳೆದರೆ ಆರುತ್ತಿದ್ದವು. ಈಗ ಆರಲಿಲ್ಲ. ಅವನು ಹಿಡಿದ ಹಿತ್ತಾಳೆ ಚೊಂಬು ಬೆಚ್ಚಗಾಗುತ್ತಿತ್ತು. ಅವನು ಎತ್ತಿಟ್ಟ ಹಾಲು ಒಡೆಯುತ್ತಿತ್ತು.

ಜಗಲಿಯಲ್ಲಿ ಮಲಗುತ್ತಿದ್ದ ಕರಿಯ ಎಂಬ ನಾಯಿ ಹೊಂಗೆ ಮರದ ಆಚೆಗೆ ಜಾಗ ಬದಲಾಯಿಸಿತು. ಮುಕುಂದ ಕರೆದರೆ ಬಾಲ ಆಡಿಸುತ್ತಿತ್ತು, ಹತ್ತಿರ ಬರುತ್ತಿರಲಿಲ್ಲ. ಅವನ ಬೆನ್ನ ಹಿಂದೆ ಯಾರೋ ನಿಂತಿದ್ದಾರೆ ಎಂಬಂತೆ ನೋಡುತ್ತಿತ್ತು.

ದಿಂಬನ್ನು ಪ್ರತಿದಿನ ತಟ್ಟಿ ಸರಿಮಾಡಿ ಇಡುತ್ತಿದ್ದ. ಬೆಳಿಗ್ಗೆ ನೋಡಿದರೆ ಅದರ ನಡುವೆ ತಲೆ ಇಟ್ಟು ಎದ್ದುಹೋದ ಹಾಗೆ ಗುಳಿ ಬಿದ್ದಿರುತ್ತಿತ್ತು. ಒಂದು ದಿನ ಎತ್ತಿ ಮೂಸಿದ. ಮೆಂತ್ಯ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆಯ ವಾಸನೆ.

ಅಕ್ಕ ತಲೆಗೆ ಹಚ್ಚಿಕೊಳ್ಳುತ್ತಿದ್ದದ್ದು ಅದನ್ನೇ.

ಅವನಿಗೆ ಭಯವಾಗಲಿಲ್ಲ. ಸಂತೋಷವಾಯಿತು. ಅಕ್ಕ ತನ್ನ ಹತ್ತಿರವೇ ಇದ್ದಾಳೆ, ಎಲ್ಲಿಗೂ ಹೋಗಿಲ್ಲ ಎಂದುಕೊಂಡ.

ದೂರು ಹೊತ್ತು ಮೊದಲು ಬಂದವನು ತೆಪ್ಪದ ಸಿದ್ದಯ್ಯ. ಹುಟ್ಟು ಹಾಕಿ ಹಾಕಿ ಅವನ ಹೆಗಲು ಹಿಡಿದುಕೊಂಡಿತ್ತು. ಹಿಂದಿನ ವಾರ ಮುಕುಂದ ಅವನ ಹೆಗಲಿಗೆ ಕೈ ಇಟ್ಟಿದ್ದ.

“ಹೆಗಲು ಹೂವಾಗೈತೆ ಸ್ವಾಮಿ” ಎಂದ ಸಿದ್ದಯ್ಯ. ತೋಳೆತ್ತಿ ಗಿರಗಿರ ತಿರುಗಿಸಿ ತೋರಿಸಿದ. ಆಮೇಲೆ ಎಡ ಪಕ್ಕೆಗೆ ಕೈ ಒತ್ತಿಕೊಂಡ. “ಆದ್ರೆ ಇಲ್ಲಿ ಸುರುವಾಗೈತೆ. ಒಳಗೆ ಯಾರೋ ಗಂಟು ಹಾಕಿ ಬಿಗಿದಂಗೆ.”

ಅವನ ಹಿಂದೆಯೇ ಫಿಲೋಮಿನಾ ಟೀಚರ್ ನಿಂತಿದ್ದರು. ಆಕೆಗೆ ಇದ್ದದ್ದು ಅರೆತಲೆನೋವು.

“ತಲೆನೋವು ಹೋಯ್ತು ಗುರುಗಳೇ, ಇಲ್ಲ ಅನ್ನಲ್ಲ” ಎಂದರು. “ಆದರೆ ನಿಮ್ಮ ಶಿಷ್ಯರು ನೋವನ್ನ ವಾಸಿ ಮಾಡೋ ಹಾಗೆ ಕಾಣಲ್ಲ. ವರ್ಗ ಮಾಡ್ತಾರೆ.” ಅವರ ಕೈಯೂ ಎಡ ಪಕ್ಕೆಯ ಮೇಲಿತ್ತು.

ಸಿದ್ದಯ್ಯ ನಕ್ಕ. ನಗುವಾಗ ಪಕ್ಕೆ ಹಿಡಿದುಕೊಂಡು ಅರ್ಧಕ್ಕೆ ನಿಲ್ಲಿಸಿದ.

ಗುರುಗಳು ನಗಲಿಲ್ಲ. ಮುಕುಂದನ ಕಡೆ ತಿರುಗಿದರು. ಅವನು ಬಾನಿಗೆ ನೀರು ತುಂಬುವ ನೆಪದಲ್ಲಿ ಕೊಡ ಎತ್ತಿಕೊಂಡು ನದಿಗೆ ಇಳಿದ.

ಅದಾದ ಮೇಲೆ ಬಂದವಳು ಚೌಡಮ್ಮ. ಹೂ ಕಟ್ಟುವವಳು. ಬೆರಳ ಗಿಣ್ಣುಗಳು ಊದಿಕೊಂಡಿದ್ದವು.

ನಡುಮಧ್ಯಾಹ್ನ. ಗಾಳಿ ಇರಲಿಲ್ಲ. ನದಿಯ ಸದ್ದು ಕೂಡ ದೂರ ಹೋದ ಹಾಗಿತ್ತು. ಗುರುಗಳು ಆಚೆ ದಡಕ್ಕೆ ಯಾರನ್ನೋ ನೋಡಲು ಹೋಗಿದ್ದರು.

“ಇಡಲೇ?” ಎಂದ ಮುಕುಂದ.

“ಇಡಪ್ಪ. ಕೇಳೋದೇನು, ಅದಕ್ಕೇ ತಾನೆ ಬಂದಿರೋದು? ಆ ಟೀಚರಮ್ಮನಿಗೆ ಕೊಟ್ಟಿದ್ದನ್ನ ಮಾತ್ರ ನನಗೆ ಕೊಡಬೇಡ.”

ಅವನು ಅವಳ ಎರಡು ಕೈಗಳನ್ನು ತನ್ನ ಅಂಗೈಗಳ ನಡುವೆ ಇಟ್ಟುಕೊಂಡ. ಚೌಡಮ್ಮ ಬೇಗ ತೂಕಡಿಸಿದಳು. ಬಾಯಿ ತುಸು ತೆರೆಯಿತು. ಉಸಿರು ನಿಧಾನವಾಯಿತು.

ಆಮೇಲೆ ಅವಳ ತುಟಿಗಳು ಅಲುಗಿದವು.

“ಬೆಕ್ಕಪ್ಪಾ” ಎಂದಳು.

ಮುಕುಂದ ಅವಳ ಮುಖದ ಹತ್ತಿರಕ್ಕೆ ಬಗ್ಗಿದ.

“ಬೆಕ್ಕಪ್ಪಾ, ಕೈ ತೆಗಿಯೋ.”

ಚೌಡಮ್ಮನದು ಒಡೆದ ಗಂಟಲು, ಸಂತೆಯಲ್ಲಿ ಕೂಗಿ ಕೂಗಿ ಒರಟಾದದ್ದು. ಇದು ಆ ಗಂಟಲಲ್ಲ. ತೆಳ್ಳಗಿತ್ತು, ದಣಿದಿತ್ತು. ಸಣ್ಣವನಿದ್ದಾಗ ಜ್ವರದಲ್ಲಿ ಅವನು ಕೇಳುತ್ತಾ ಮಲಗುತ್ತಿದ್ದ ದನಿ.

ಅವನು ಕೈ ಕಿತ್ತುಕೊಂಡ. ಚೌಡಮ್ಮ ಬೆಚ್ಚಿ ಎದ್ದಳು.

“ನಿದ್ದೆ ಹೋಗಿಬಿಟ್ಟೆ ಕಣಪ್ಪ” ಎಂದಳು ತನ್ನ ಒಡೆದ ದನಿಯಲ್ಲಿ. “ಏನಾಯ್ತು, ಹಿಂಗೆ ನೋಡ್ತೀಯಾ?”

“ಏನಾದರೂ ಅಂದಿರಾ ನೀವು?”

“ನಿದ್ದೆ ಮಾಡೋರು ಏನಂತಾರೆ?”

ಅವಳು ಎದ್ದು ಹೋಗುವಾಗ ಮೆಟ್ಟಿಲ ಮೇಲೆ ನಿಂತು ಎಡ ಪಕ್ಕೆ ಮುಟ್ಟಿ ನೋಡಿಕೊಂಡಳು.

ಮುಕುಂದ ಬಂಡೆ ಹತ್ತಿದ. ಅವನು ಫೋನು ಕೈಗೆ ತೆಗೆದುಕೊಳ್ಳುವ ಮೊದಲೇ ಅದು ರಿಂಗಾಯಿತು.

“ಮಾವ, ಒಂದು ಸಲ ಬಂದುಹೋಗು” ಎಂದಳು ಪೂರ್ಣಿಮಾ. ಅವಳು ಅತ್ತಿದ್ದಳು.

“ನೋವು ಜಾಸ್ತಿಯಾ?”

“ನೋವಿಲ್ಲ. ನೋವಿಲ್ಲ ಅನ್ನೋದೇ ನನಗೆ ಭಯ. ಊಟ ಇಲ್ಲ, ನಿದ್ದೆ ಇಲ್ಲ. ಕಣ್ಣು ಮುಚ್ಚೋದೇ ಇಲ್ಲ ಮಾವ. ಇಷ್ಟು ದಿನ ಹೀಗೆ ಹೇಗಿದ್ದಾರೆ ಅಂತ ಡಾಕ್ಟರೇ ಕೇಳ್ತಾರೆ.”

“ಮಾತಾಡ್ತಾಳಾ?”

“ಒಂದೇ ಮಾತು. ಯಾರೋ ಬಂದು ಮಗ್ಗುಲಲ್ಲಿ ಕೂತಿದಾರಂತೆ. ಅಮ್ಮನ ಮಣಿಕಟ್ಟು ಹಿಡ್ಕೊಂಡಿದಾರಂತೆ. ಬಿಡಿ ಅಂದ್ರೆ ಬಿಡಲ್ವಂತೆ.”

“ಯಾರು ಅಂತ ಕೇಳಲಿಲ್ಲವಾ?”

“ಕೇಳ್ದೆ. ಮುಖ ಕಾಣಲ್ವಂತೆ. ಬೆನ್ನು ಹಾಕಿ ಕೂತಿದಾರಂತೆ.” ಅವಳು ದನಿ ತಗ್ಗಿಸಿದಳು. “ಮಾವ, ನಾನು ಇದನ್ನೆಲ್ಲ ನಂಬೋಳಲ್ಲ. ಆದರೆ ಮಣಿಕಟ್ಟಿನ ಮೇಲೆ ಬೆರಳಿನ ಗುರುತಿದೆ.”

ಗುರುಗಳು ಹಿಂತಿರುಗಿದಾಗ ಇಳಿಹೊತ್ತು. ಮುಕುಂದ ಜಗಲಿಯ ಮೂಲೆಯಲ್ಲಿ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ.

ಗುರುಗಳು ಚಾಪೆ ಹಾಸಿದರು. ಹೆಗಲ ಮೇಲಿನ ವಸ್ತ್ರ ಮಡಿಸಿ ತಲೆಗಿಟ್ಟುಕೊಂಡು ಮಲಗಿದರು.

“ಮೊಣಕಾಲು ನೋಯ್ತಿದೆ. ಕೈ ಇಡು.”

“ಬೇಡ ಗುರುಗಳೇ.”

“ಯಾಕೆ?”

“ಇವತ್ತು ಬೇಡ.”

“ಊರವರಿಗೆಲ್ಲ ಇಡ್ತೀಯಾ. ನಾನೇನು ಪಾಪ ಮಾಡಿದೀನಿ?”

“ನಿಮಗೂ ಬರುತ್ತೆ.”

“ಏನು ಬರುತ್ತೆ?”

ಮುಕುಂದ ಕೈಗಳನ್ನು ತೊಡೆಯ ಕೆಳಗಿನಿಂದ ಹೊರತೆಗೆದ. ಆಮೇಲೆ ಎಲ್ಲವನ್ನೂ ಹೇಳಿದ. ತೊಳೆಯದ ಕೈ, ದಿಂಬಿನ ಗುಳಿ, ಚೌಡಮ್ಮನ ಬಾಯಿಂದ ಬಂದ ಹೆಸರು, ಮಣಿಕಟ್ಟಿನ ಗುರುತು. ಒಪ್ಪಿಗೆ ತೆಗೆದುಕೊಂಡೆ ಎಂದದ್ದು ಸುಳ್ಳು ಎಂಬುದನ್ನು ಎಲ್ಲಕ್ಕಿಂತ ಕೊನೆಗೆ ಹೇಳಿದ.

“ನಿಮಗೆ ಗೊತ್ತಿತ್ತಾ?” ಎಂದ.

“ಹೂಂ ಅಂದಳು ಅಂದೆಯಲ್ಲ, ಆಗ” ಎಂದರು ಗುರುಗಳು. “ಯಾವ ಅಕ್ಕ ತಮ್ಮನಿಗೆ ಬರೀ ಹೂಂ ಅಂತಾಳೆ? ಊಟ ಮಾಡಿದೆಯಾ ಅಂತಾದರೂ ಕೇಳ್ತಾಳೆ.”

“ಗೊತ್ತಿದ್ದೂ ದಿಂಬು ಕೊಟ್ಟಿರಾ?”

“ಕೊಟ್ಟೆ. ತಪ್ಪು ಮಾಡಿದೆ. ಅದರ ಬಾಕಿ ಈಗ ತೀರಿಸಬೇಕು. ಕೈ ಇಡು.”

“ಗುರುಗಳೇ...”

“ಇಡು ಅಂತ ನಾನೇ ಹೇಳ್ತಿದೀನಿ. ಒಪ್ಪಿಗೆ ಇದೆ.”

ಮುಕುಂದ ಅವರ ಮೊಣಕಾಲಿನ ಮೇಲೆ ಕೈ ಇಟ್ಟ.

ಮರದ ಆಚೆಯಿಂದ ಕರಿಯ ಒಮ್ಮೆ ಬೊಗಳಿ ಸುಮ್ಮನಾಯಿತು. ಗುರುಗಳ ಮುಖ ನಿಧಾನವಾಗಿ ಬಿಗಿಯಿತು. ಹಣೆಯಲ್ಲಿ ಬೆವರು ಮೂಡಿತು. ಅವರ ಬಲಗೈ ತಾನಾಗಿಯೇ ಎಡ ಪಕ್ಕೆಗೆ ಹೋಯಿತು.

“ಓ” ಎಂದರು. “ಹೀಗಾ ನೋಯೋದು ಅವಳಿಗೆ?”

ಆಮೇಲೆ ಕೇಳಿದರು. “ಸಿದ್ದಯ್ಯನಿಗೆ ನೋಯಿತು. ಟೀಚರಿಗೆ ನೋಯಿತು. ಚೌಡಮ್ಮನಿಗೆ ನೋಯಿತು. ಈಗ ನನಗೆ. ನಿನಗೆ?”

ಮುಕುಂದ ತನ್ನ ಎಡ ಪಕ್ಕೆ ಮುಟ್ಟಿ ನೋಡಿಕೊಂಡ.

“ಇಲ್ಲ” ಎಂದ.

“ಇಷ್ಟು ದಿನ ನಿನ್ನ ಕೈಯಲ್ಲೇ ಇತ್ತಲ್ಲ.”

ಅವನು ತಲೆ ತಗ್ಗಿಸಿದ.

“ಆ ದಿನ ಯಾವಾಗ ಹೊರಡ್ತೀಯಾ ಅಂತ ಕೇಳಿದೆ. ಯಾಕೆ ಹೊರಡಲಿಲ್ಲ?”

ತಲೆ ಎತ್ತದೆಯೇ ಮುಕುಂದ ಹೇಳಿದ. “ಹೋದರೆ ಅವಳನ್ನ ನೋಡಬೇಕಾಗುತ್ತಿತ್ತು.”

ಗುರುಗಳು ಪಕ್ಕೆ ಹಿಡಿದುಕೊಂಡೇ ಎದ್ದು ಕೂತರು. ಬಾನಿಯ ಕಡೆ ಗಲ್ಲ ಎತ್ತಿ ತೋರಿಸಿದರು.

ಮುಕುಂದ ಬಾನಿಯ ಮುಂದೆ ಮಂಡಿಯೂರಿದ.

“ತೊಳೆದರೆ ಹೋಗಿಬಿಡ್ತಾಳಾ?”

“ಗೊತ್ತಿಲ್ಲ.”

“ತೊಳೆಯದೆ ಇದ್ದರೆ?”

“ಅದು ನಿನಗೆ ಗೊತ್ತು. ಫೋನಿನಲ್ಲಿ ಕೇಳಿದೆಯಲ್ಲ.”

ಅವನು ಕೈ ಮುಳುಗಿಸಿದ.

ನೀರು ತಣ್ಣಗಿರಲಿಲ್ಲ. ಅವನ ಬೆರಳುಗಳ ನಡುವೆ ಬೇರೆ ಬೆರಳುಗಳಿದ್ದವು. ಸಣ್ಣವು, ಎಲುಬು ಎದ್ದವು, ಒಂದರಲ್ಲಿ ಸವೆದ ಉಂಗುರ. ಅವು ಅವನನ್ನು ಹಿಡಿದುಕೊಂಡಿರಲಿಲ್ಲ. ಅವನೇ ಹಿಡಿದಿದ್ದ. ತನ್ನ ಬೆರಳುಗಳು ಎಷ್ಟು ಬಿಗಿಯಾಗಿವೆ ಎಂದು ಅವನಿಗೆ ಗೊತ್ತಾದದ್ದು ಆಗಲೇ.

ಅವು ಎಳೆದಾಡಲಿಲ್ಲ. ಕಾದುಕೊಂಡಿದ್ದವು.

ಅವನು ಒಂದೊಂದೇ ಬೆರಳು ಬಿಡಿಸಿದ.

“ಮುಗಿಯಿತು” ಎಂದ. ಮತ್ತೊಮ್ಮೆ ಹೇಳಿದ.

ನೀರು ಒಮ್ಮೆ ತಿರುಗಿ ನಿಂತಿತು. ತಣ್ಣಗಾಯಿತು.

“ದಿನಾ ಹಾಕೋ ಹಾಗೆ ಈ ನೀರನ್ನ ಮರಕ್ಕೆ ಹಾಕೋದು ಬೇಡ” ಎಂದರು ಗುರುಗಳು ಹಿಂದಿನಿಂದ. ಇಬ್ಬರೂ ಕೊಡಗಳಲ್ಲಿ ತುಂಬಿಕೊಂಡು ಹೋಗಿ ನದಿಗೆ ಸುರಿದರು.

ಬೆಳಕು ಹರಿಯುವಾಗ ಮುಕುಂದ ಹೊರಟ. ದಡ ದಾಟಿಸಿದವನು ಸಿದ್ದಯ್ಯ. ಹುಟ್ಟು ಹಾಕುತ್ತಾ ಅವನು ಮುಖ ಕಿವುಚಿದ.

“ಪಕ್ಕೆ ಸಲೀಸಾಯ್ತು ಸ್ವಾಮಿ, ನೆನ್ನೆ ಇಳಿಹೊತ್ತಿಗೆ. ಆದ್ರೆ ನೋಡಿ, ಹೆಗಲು ವಾಪಸ್ ಬಂದೈತೆ.”

“ಕ್ಷಮಿಸು ಸಿದ್ದಯ್ಯ.”

“ಅಯ್ಯೋ ಬಿಡಿ. ಇದು ನಂದೇ ನೋವು. ಗುರುತಿರೋದು.”

ಬಸ್ಸಿಳಿದು ಅಕ್ಕನ ಮನೆ ತಲುಪಿದಾಗ ಪೂರ್ಣಿಮಾ ಬಾಗಿಲಲ್ಲೇ ನಿಂತಿದ್ದಳು.

“ರಾತ್ರಿ ಕಣ್ಣು ಮುಚ್ಚಿದಳು ಮಾವ” ಎಂದಳು. “ನಾನು ಹೆದರಿ ಎದೆಗೆ ಕಿವಿಯಿಟ್ಟು ನೋಡಿದೆ. ನಿದ್ದೆ. ಗೊರಕೆ ಹೊಡೀತಿದ್ದಳು.”

ಕೋಣೆಯಲ್ಲಿ ಮೆಂತ್ಯದೆಣ್ಣೆಯ ವಾಸನೆ ಇತ್ತು. ಮಂಚದ ಮಗ್ಗುಲಲ್ಲಿ ಒಂದು ಸ್ಟೂಲು. ಅದರ ಮುಂದೆ ಬರೀ ಗೋಡೆ. ಕೂತವರ ಬೆನ್ನು ಮಂಚದ ಕಡೆ ಬರುವ ಹಾಗೆ ಅದನ್ನು ಇಡಲಾಗಿತ್ತು.

“ಇದನ್ನ ಹೀಗೆ ಯಾರು ಇಟ್ಟದ್ದು?”

“ಅಮ್ಮನೇ ಇಡಿಸಿದ್ದು. ಅವನು ಕೂರೋದು ಹಾಗೆ, ಇಲ್ಲದಿದ್ದರೆ ನಿಂತೇ ಇರ್ತಾನೆ, ಕಾಲು ನೋಯುತ್ತೆ ಪಾಪ, ಅಂತ.”

ಮುಕುಂದ ಬಗ್ಗಿ ಸ್ಟೂಲನ್ನು ಮಂಚದ ತಲೆಯ ಹತ್ತಿರಕ್ಕೆ ಎಳೆದ. ಅಕ್ಕನ ಕಡೆ ಮುಖ ಮಾಡಿ ಕೂತ.

ಮಂಚದ ಮೇಲೆ ಅಕ್ಕ ಅಂತ ಇದ್ದದ್ದು ಸ್ವಲ್ಪ. ಸೀರೆಯೇ ಹೆಚ್ಚು. ಅಕ್ಕ ಕಣ್ಣು ತೆರೆದಳು.

“ಬಂದೆಯಾ?”

“ಈಗ ಬಂದೆ ಅಕ್ಕ.”

“ಈಗ ಬಂದವನ ಹಾಗೆ ಹೇಳ್ತೀಯಲ್ಲೋ” ಎಂದಳು ಅಕ್ಕ. “ಎಷ್ಟು ದಿನದಿಂದ ಕೂತಿದ್ದೀಯಾ. ತಿರುಗೋ, ತಿರುಗೋ ಅಂತ ಕೂಗಿದ್ದೇ ಬಂತು. ಮುಖ ತೋರಿಸೋಕೆ ಏನು ದಾಡಿ ನಿನಗೆ?”

ಅವನು ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ.

“ಇಳಿದುಹೋಗಿದ್ದೀಯಾ. ಅಲ್ಲಿ ಮೊಸರು ಹಾಕಲ್ವೇನೋ ಬೆಕ್ಕಪ್ಪ?”

“ಹಾಕ್ತಾರೆ.”

“ಕೆನೆ?”

“ಗುರುಗಳು ತಿಂದುಬಿಡ್ತಾರೆ.”

ಅಕ್ಕ ನಕ್ಕಳು. ನಗು ಪಕ್ಕೆಗೆ ತಾಗಿತು. ನೋವು ಮರಳಿ ಬಂದಿತ್ತು. ಅವಳ ಮುಖ ಮುದುಡಿತು. ಹಲ್ಲು ಕಚ್ಚಿಕೊಂಡಳು.

ಮುಕುಂದ ನೋಡಿದ. ಅವನ ಕುತ್ತಿಗೆ ತಾನಾಗಿಯೇ ಗೋಡೆಯ ಕಡೆ ತಿರುಗಲು ಹೋಯಿತು. ಅವನು ತಡೆದ.

ಆಗ ಅವನ ಎಡ ಪಕ್ಕೆಯಲ್ಲಿ, ಮೊದಲ ಸಲ, ಏನೋ ಗಂಟು ಹಾಕಿ ಬಿಗಿಯಿತು.

“ಅಕ್ಕ” ಎಂದ. “ಕೈ ಇಡಲಾ?”

“ಬೇಡ ಮಾರಾಯ. ಸಾಕಾಗಿದೆ ನಿನ್ನ ಕೈ.”

“ಸರಿ.”

“ಹೀಗೇ ಕೂತಿರು. ಈ ಕಡೆ ಮುಖ ಮಾಡಿ.”

ಅವನು ಕೂತಿದ್ದ. ಡಾಕ್ಟರು ಬಂದು ನೋವಿಗೆ ಸೂಜಿ ಹಾಕಿ ಹೋದರು. ಮಧ್ಯಾಹ್ನ ಅಕ್ಕ ಸ್ವಲ್ಪ ಗಂಜಿ ಕುಡಿದಳು. ಸಂಜೆ, “ಕಾಲು ತಣ್ಣಗಾಗಿದೆ, ಒತ್ತೋ” ಎಂದಳು. ಅವನು ಒತ್ತಿದ. ಅದು ರೇಖಿಯಲ್ಲ. ಬರೀ ಕಾಲೊತ್ತುವುದು.

ಕೆಲವು ದಿನ ಹೀಗೇ ಕಳೆಯಿತು. ಒಂದು ಬೆಳಿಗ್ಗೆ, ಹಾಲಿನವನ ಸೈಕಲ್ಲಿನ ಗಂಟೆ ಕೇಳಿದ ಮೇಲೆ, ಅಕ್ಕ ಅವನ ಮುಖವನ್ನು ಚೆನ್ನಾಗಿ ನೋಡಿದಳು. ಆಮೇಲೆ ನೋಡಲಿಲ್ಲ. ಅವಳ ಮಣಿಕಟ್ಟಿನ ಮೇಲೆ ಯಾವ ಗುರುತೂ ಇರಲಿಲ್ಲ.

ಎಲ್ಲ ಕರ್ಮ ಮುಗಿಸಿ ಮುಕುಂದ ನದಿ ದಾಟಿ ಬಂದಾಗ ಗುರುಗಳು ಜಗಲಿಯಲ್ಲಿ ಕೂತು ಬೂರುಗದ ಹತ್ತಿ ಬಿಡಿಸುತ್ತಿದ್ದರು. ದಿಂಬಿನ ಗವಸು ಹೊಂಗೆ ಕೊಂಬೆಯ ಮೇಲೆ ಒಣಗುತ್ತಿತ್ತು. ಕರಿಯ ಓಡಿಬಂದು ಅವನ ಕಾಲು ಮೂಸಿತು, ಅಲ್ಲೇ ಮಲಗಿತು.

“ನಿಮ್ಮ ಪಕ್ಕೆ?” ಎಂದ ಮುಕುಂದ.

“ಬಾನಿಯ ನೀರಿಗೆ ಹೋಗಲಿಲ್ಲ ಅದು. ಉಳಿದವರದ್ದು ಹೋಯಿತು, ನನ್ನದು ಉಳೀತು.”

“ಈಗ?”

“ಒಂದು ಬೆಳಿಗ್ಗೆ ಯಾವುದೋ ಸೈಕಲ್ಲಿನ ಗಂಟೆ ಕೇಳಿಸಿತು. ಇಲ್ಲಿ ಸೈಕಲ್ಲು ಎಲ್ಲಿಂದ ಬರಬೇಕು ಅಂತ ಎದ್ದು ಕೂತೆ. ನೋವಿರಲಿಲ್ಲ.”

ಮುಕುಂದ ಮೆಟ್ಟಿಲ ಮೇಲೆ ಕೂತು ತನ್ನ ಎರಡು ಕೈಗಳನ್ನು ಮುಂದೆ ಚಾಚಿದ.

“ನಾನು ಹೋಗ್ತೀನಿ ಗುರುಗಳೇ. ಪ್ರೆಸ್ಸಿನಲ್ಲಿ ಕೇಳಿದರೆ ಮತ್ತೆ ಕೆಲಸ ಕೊಡಬಹುದು.”

“ಯಾಕೆ?”

“ಮುಟ್ಟಿ ನೋಡಿ. ತಣ್ಣಗೆ ಕೊರೆಯುತ್ತಿವೆ. ಆ ದಿನದಿಂದ ಹೀಗೇ. ಬಿಸಿ ಬರೋದೇ ಇಲ್ಲ. ಇವುಗಳಲ್ಲಿ ಏನೂ ಉಳಿದಿಲ್ಲ. ಇವನ್ನ ಇನ್ನು ಯಾರ ಮೇಲೆ ಇಡಲಿ?”

ಒಳಗಿನ ಕೋಣೆಯಿಂದ ಒಂದು ಕೂಸು ನರಳಿತು. ಚೌಡಮ್ಮನ ಒಡೆದ ದನಿ ಅದನ್ನು ಸಮಾಧಾನ ಮಾಡುತ್ತಿತ್ತು.

ಗುರುಗಳು ಹತ್ತಿ ಕೆಳಗಿಟ್ಟರು. “ಮುಟ್ಟಲೇ?” ಎಂದು ಕೇಳಿದರು. ಅವನು ಹೂಂ ಅಂದ ಮೇಲೆ ಅವನ ಕೈಗಳನ್ನು ತೆಗೆದುಕೊಂಡು ತಮ್ಮ ಕೆನ್ನೆಗೆ ಒಂದು ಗಳಿಗೆ ಒತ್ತಿಕೊಂಡರು. ಆಮೇಲೆ ಬಿಟ್ಟರು.

“ಚೌಡಮ್ಮನ ಮೊಮ್ಮಗುವಿಗೆ ಬೆಳಗಿನಿಂದ ಜ್ವರ ಸುಡ್ತಾ ಇದೆ, ಡಾಕ್ಟರು ಬರೋದು ತಡವಂತೆ” ಎಂದರು. “ಕೈ ತಣ್ಣಗಿರುವಾಗಲೇ ಒಳಗೆ ಹೋಗು.”